ಕಂಠಕ್ಕೆ ಹೆಸರುಂಟೇ? ಬಿ. ಜಯಶ್ರೀಯವರ ಕಲಾಜೀವನ ಎತ್ತುವ ಒಂದು ಪ್ರಶ್ನೆ

ತೆರೆಯ ಮೇಲೆ ತುಟಿಯಾಡಿಸುವ ಒಬ್ಬರಿಗೆ ತೆರೆಯ ಹಿಂದೆ ನಿಂತ ಮತ್ತೊಬ್ಬರು ಮಾತು ಕೊಡುವ ಕೆಲಸಕ್ಕೆ ಕನ್ನಡದಲ್ಲಿ 'ಕಂಠದಾನ'ವೆಂಬ ಹೆಸರು ರೂಢಿಯಲ್ಲಿದೆ. 'ಡಬ್ಬಿಂಗ್' ಎಂಬ ಮಾತಿಗಿಂತ ಇದು ಕಿವಿಗೆ ಹಿತವಾದ ಪದ. ಆದರೆ ಹಿತವಾದ ಪದಗಳು ಕೆಲವೊಮ್ಮೆ ಅಹಿತವಾದ ವಾಸ್ತವವನ್ನು ಮರೆಮಾಡುತ್ತವೆ. ದಾನವೆಂದೊಡನೆ, ಕೊಟ್ಟವರು ಅದನ್ನು ಹೇಳಿಕೊಳ್ಳಬಾರದು, ಪಡೆದವರು ಅದಕ್ಕೆ ಲೆಕ್ಕ ಒಪ್ಪಿಸಬೇಕಾಗಿಲ್ಲ ಎಂಬ ಭಾವ ತಾನಾಗಿಯೇ ಬಂದು ಸೇರುತ್ತದೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂಬ ನೀತಿ ಧರ್ಮಕಾರ್ಯಕ್ಕೆ ಸಲ್ಲಬಹುದು. ವರ್ಷಗಳ ಶಿಕ್ಷಣದಿಂದ ಹದಗೊಂಡ ಕಂಠ ಸಂಭಾವನೆ ಪಡೆದು ಮಾಡಿದ ಕಲಾಕಾರ್ಯಕ್ಕೆ ಅದು ಸಲ್ಲದು. ಕನ್ನಡ ಚಿತ್ರರಂಗ ಈ ಭೇದವನ್ನು ಬಹುಕಾಲ ಗಮನಿಸಲಿಲ್ಲ. ಕನ್ನಡ ವಿಮರ್ಶೆಯೂ ಗಮನಿಸಲಿಲ್ಲವೆಂಬುದು ಅದಕ್ಕಿಂತ ಹೆಚ್ಚು ಸಂಕೋಚಪಡಬೇಕಾದ ಸಂಗತಿ.

ಈ ಪ್ರಶ್ನೆಯನ್ನು ಪರಿಶೀಲಿಸುವುದಕ್ಕೆ ಬಿ. ಜಯಶ್ರೀಯವರ ಕಲಾಜೀವನಕ್ಕಿಂತ ಉತ್ತಮ ಆಧಾರ ದೊರೆಯುವುದು ಕಷ್ಟ. ಅವರು ನಟಿ, ಗಾಯಕಿ, ರಂಗನಿರ್ದೇಶಕಿ. ಜೊತೆಗೆ ಕನ್ನಡ ಚಿತ್ರಗಳ ಅನೇಕ ನಾಯಕಿಯರಿಗೆ ಮಾತು ಕೊಟ್ಟವರು. ಈ ನಾಲ್ಕು ಕೆಲಸಗಳಲ್ಲಿ ಮೊದಲ ಮೂರಕ್ಕೆ ಹೆಸರು, ಪ್ರಶಸ್ತಿ, ಪುರಸ್ಕಾರಗಳು ಬಂದಿವೆ. ನಾಲ್ಕನೆಯದು ಅವರ ಪರಿಚಯಲೇಖನಗಳ ಕೊನೆಯಲ್ಲಿ ಒಂದು ವಾಕ್ಯವಾಗಿ ಮಾತ್ರ ಉಳಿದಿದೆ. ಆ ಒಂದು ವಾಕ್ಯದೊಳಗೆ ಕನ್ನಡಿಗರ ಶ್ರವಣಸಂಸ್ಕಾರದ ಒಂದು ಇಡೀ ಅಧ್ಯಾಯ ಅಡಗಿದೆ. ಅದನ್ನು ಬಿಡಿಸಿ ಓದದ ಹೊರತು ಜಯಶ್ರೀಯವರ ಸಾಧನೆಯ ಚಿತ್ರ ಪೂರ್ಣವಾಗದು. ಕನ್ನಡ ಚಲನಚಿತ್ರದ ಇತಿಹಾಸವೂ ಪೂರ್ಣವಾಗದು.

ಜಯಶ್ರೀಯವರು 1950ರಲ್ಲಿ ಬೆಂಗಳೂರಿನಲ್ಲಿ ಜನಿಸಿದರು. ತಾಯಿ ಜಿ. ವಿ. ಮಾಲತಮ್ಮ, ತಾಯಿಯ ತಂದೆ ಗುಬ್ಬಿ ವೀರಣ್ಣ. 1884ರಲ್ಲಿ ಆರಂಭವಾದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘ ವೀರಣ್ಣನವರ ಕೈಯಲ್ಲಿ ಕನ್ನಡದ ಬಹುದೊಡ್ಡ ವೃತ್ತಿನಾಟಕ ಮಂಡಳಿಯಾಗಿ ಬೆಳೆಯಿತು. ಕಂಪನಿ ನಾಟಕವೆಂದರೆ ಥಳಕಿನ ಪರದೆ, ಉಡುಗೆ, ಆನೆ ಕುದುರೆಗಳ ಅದ್ಭುತದೃಶ್ಯಗಳು ನೆನಪಿಗೆ ಬರುವುದು ಸಹಜ. ಆದರೆ ಆ ರಂಗಭೂಮಿಯ ನಿಜವಾದ ಬಂಡವಾಳ ಕಂಠವೇ ಆಗಿತ್ತು. ಧ್ವನಿವರ್ಧಕದ ಆಸರೆಯಿಲ್ಲದ ಕಾಲದಲ್ಲಿ ಕೊನೆಯ ಸಾಲಿನಲ್ಲಿ ನೆಲದ ಮೇಲೆ ಕುಳಿತ ಪ್ರೇಕ್ಷಕನಿಗೂ ಪ್ರತಿಯೊಂದು ಅಕ್ಷರ ಸ್ಪಷ್ಟವಾಗಿ ತಲುಪಬೇಕಿತ್ತು. ಮಾತಿನಿಂದ ಹಾಡಿಗೂ ಹಾಡಿನಿಂದ ಮಾತಿಗೂ ಉಸಿರು ಕಡಿಯದಂತೆ ದಾಟಬೇಕಿತ್ತು. ಇದು ಪಾಠಶಾಲೆಯಲ್ಲಿ ಕಲಿಸಿ ಬರುವ ವಿದ್ಯೆಯಾಗಿರಲಿಲ್ಲ. ಪಕ್ಕದ ಪರದೆಯ ಮರೆಯಲ್ಲಿ ನಿಂತು ರಾತ್ರಿ ರಾತ್ರಿ ಕೇಳಿ ಬರುವ ವಿದ್ಯೆಯಾಗಿತ್ತು. ಜಯಶ್ರೀಯವರಿಗೆ ಈ ವಿದ್ಯೆ ಬಾಲ್ಯದಲ್ಲಿಯೇ ಮನೆಯ ಮಾತಿನಷ್ಟು ಸಹಜವಾಗಿ ಒದಗಿತು.

ಹೀಗೆ ಬಂದ ಕಂಠ ದೆಹಲಿಗೆ ಹೋದದ್ದು ಒಂದು ಮುಖ್ಯ ತಿರುವು. 1959ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ನಾಟಕ ಶಾಲೆಯನ್ನು 1962ರಿಂದ 1977ರವರೆಗೆ ನಡೆಸಿದವರು ಇಬ್ರಾಹಿಂ ಅಲ್ಕಾಜಿ. ಶಿಸ್ತಿಗೆ ಹೆಸರಾದ ಆ ಗುರುವಿನ ಕೈಕೆಳಗೆ ಕಲಿತು ಜಯಶ್ರೀಯವರು 1973ರಲ್ಲಿ ಪದವೀಧರೆಯಾದರು. ಅವರಿಗಿಂತ ಮುಂಚೆ ಬಿ. ವಿ. ಕಾರಂತರು ಇದೇ ದಾರಿಯಲ್ಲಿ ನಡೆದಿದ್ದರು; ಗುಬ್ಬಿ ಕಂಪನಿಯಲ್ಲಿ ಬಾಲನಟರಾಗಿ ಸೇರಿ, ಕಾಶಿಯ ಮೂಲಕ ದೆಹಲಿಯನ್ನು ತಲುಪಿ, ಮುಂದೆ 1977ರಲ್ಲಿ ಆ ಶಾಲೆಯ ನಿರ್ದೇಶಕರೇ ಆದರು. ಪ್ರೇಮಾ ಕಾರಂತರೂ ಅಲ್ಲಿಯೇ ಕಲಿತು, ಎಂ. ಕೆ. ಇಂದಿರಾ ಅವರ ಕಾದಂಬರಿಯನ್ನು ಆಧರಿಸಿದ 'ಫಣಿಯಮ್ಮ'ದ ಮೂಲಕ ಚಿತ್ರನಿರ್ದೇಶಕಿಯಾಗಿ ಗೌರವ ಪಡೆದರು. ಮಂಡಿ ಹೌಸ್ ಸುತ್ತಲಿನ ಆ ಸಣ್ಣ ಆವರಣ ಕನ್ನಡ ರಂಗಭೂಮಿಗೂ ಚಿತ್ರರಂಗಕ್ಕೂ, ವಿಶೇಷವಾಗಿ ಕನ್ನಡದ ಹೆಣ್ಣುಮಕ್ಕಳ ನಿರ್ದೇಶನಪ್ರತಿಭೆಗೂ, ಕೊಟ್ಟ ಕೊಡುಗೆಯನ್ನು ಕುರಿತು ಇನ್ನೂ ವಿಸ್ತಾರವಾದ ಅಧ್ಯಯನ ನಡೆಯಬೇಕಾಗಿದೆ.

ದೆಹಲಿಯ ಶಿಕ್ಷಣದಲ್ಲಿ ಪ್ರಸ್ತುತ ವಿಷಯಕ್ಕೆ ಹತ್ತಿರವಾದ ಅಂಶವೊಂದಿದೆ. ಆ ಶಾಲೆಯ ಪ್ರಯೋಗಗಳ ಮುಖ್ಯ ಭಾಷೆ ಹಿಂದಿ. ಗಿರೀಶ ಕಾರ್ನಾಡರ 'ತುಘಲಕ್' ಕೂಡ ಅಲ್ಲಿಗೆ ಬಂದದ್ದು ಬಿ. ವಿ. ಕಾರಂತರ ಅನುವಾದದ ಮೂಲಕ. 1970ರ ದಶಕದಲ್ಲಿ ಅಲ್ಕಾಜಿಯವರು ಅದನ್ನು ಪುರಾನಾ ಕಿಲಾದ ಭಗ್ನಾವಶೇಷಗಳ ನಡುವೆ ಆಡಿಸಿದ್ದು ಭಾರತೀಯ ರಂಗಭೂಮಿಯ ಇತಿಹಾಸದಲ್ಲಿ ದಾಖಲಾಗಿದೆ. ಕನ್ನಡದಲ್ಲಿ ಹುಟ್ಟಿದ ಮಾತು ಮತ್ತೊಂದು ಭಾಷೆಯ ಬಾಯಲ್ಲಿ ಜೀವ ತಳೆಯುವುದನ್ನು ಅಲ್ಲಿಯ ಕನ್ನಡ ವಿದ್ಯಾರ್ಥಿಗಳು ದಿನನಿತ್ಯ ಕಂಡರು. ತಮ್ಮದಲ್ಲದ ಭಾಷೆಗೆ ತಮ್ಮ ಉಸಿರನ್ನು ಹೊಂದಿಸುವುದನ್ನು ತಾವೇ ಅಭ್ಯಾಸ ಮಾಡಬೇಕಾಯಿತು. ಕಂಪನಿ ನಾಟಕ ಕಂಠಕ್ಕೆ ಬಲ ಕೊಟ್ಟಿದ್ದರೆ, ಇಂಥ ಶಿಕ್ಷಣ ಆ ಬಲವನ್ನು ಅಳೆದು ಬಳಸುವ ವಿವೇಕವನ್ನು ಕೊಡುತ್ತದೆ. ಮುಂದೆ ಸ್ಟುಡಿಯೋದ ಕತ್ತಲಲ್ಲಿ ಪರರ ತುಟಿಗೆ ಕನ್ನಡವನ್ನು ಹೊಂದಿಸುವ ಕೆಲಸಕ್ಕೆ ಇವೆರಡೂ ಬೇಕಾದ ಗುಣಗಳೇ.

ಬೆಂಗಳೂರಿಗೆ ಮರಳಿದ ಜಯಶ್ರೀಯವರು 1976ರಲ್ಲಿ 'ಸ್ಪಂದನ' ತಂಡವನ್ನು ಕಟ್ಟಿದರು. ಚಂದ್ರಶೇಖರ ಕಂಬಾರರ ಕಾದಂಬರಿಯಿಂದ ರೂಪುಗೊಂಡ 'ಕರಿಮಾಯಿ', 'ಲಕ್ಷಾಪತಿ ರಾಜನ ಕಥೆ' ಮೊದಲಾದ ಪ್ರಯೋಗಗಳಲ್ಲಿ ಅವರ ನಿರ್ದೇಶನದ ಲಕ್ಷಣ ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿ ದೃಶ್ಯವನ್ನು ಮುನ್ನಡೆಸುವುದು ಧ್ವನಿ. ಮೇಳದ ಹಾಡು ಕಥೆಯನ್ನು ಹೊತ್ತು ಸಾಗುತ್ತದೆ. ಜನಪದ ಮಟ್ಟುಗಳು ಅಲಂಕಾರಕ್ಕೆ ನಿಲ್ಲದೆ ಸಂವಾದದ ಅಂಗವಾಗುತ್ತವೆ. 'ಸದಾರಮೆ'ಯಲ್ಲಿ ತಾತ ವೀರಣ್ಣನವರಿಗೆ ಕೀರ್ತಿ ತಂದಿದ್ದ ಕಳ್ಳನ ಪಾತ್ರವನ್ನು ಮೊಮ್ಮಗಳು ತಾನೇ ಧರಿಸಿ ಆಡಿದ್ದು ಕನ್ನಡ ಪ್ರೇಕ್ಷಕರು ಮರೆಯದ ಸಂಗತಿ. ಗಂಡು ಪಾತ್ರವನ್ನು ಹೆಣ್ಣು ವಹಿಸುವುದಕ್ಕೆ ವೇಷ ಸಾಲದು. ಧ್ವನಿಯ ನಡಿಗೆಯೇ ಬೇರೆಯಾಗಬೇಕು. ನಾಗಾಭರಣರ 'ನಾಗಮಂಡಲ' (1997) ಚಿತ್ರದ ಕುರುಡವ್ವನಲ್ಲಿಯೂ ಅದೇ ಕಂಠ ಇನ್ನೊಂದು ವಯಸ್ಸನ್ನು, ಇನ್ನೊಂದು ಲೋಕವನ್ನು ಕಟ್ಟಿಕೊಟ್ಟಿತು. 2009ರಲ್ಲಿ ಮೈಸೂರಿನ ರಂಗಾಯಣದ ನಿರ್ದೇಶಕಿಯ ಹೊಣೆಯೂ ಅವರಿಗೆ ಬಂದಿತು.

ಇದಿಷ್ಟೂ ದಾಖಲೆಯಲ್ಲಿರುವ ಮುಖ. ದಾಖಲೆಗೆ ಸರಿಯಾಗಿ ಬಾರದ ಮುಖವೆಂದರೆ ಅವರ ಡಬ್ಬಿಂಗ್ ಕೆಲಸ. ಮಾಧವಿ, ಗಾಯತ್ರಿ, ಅಂಬಿಕಾ, ಜಯಪ್ರದಾ, ಸುಮಲತಾ ಮೊದಲಾದ ನಾಯಕಿಯರಿಗೆ, ಅದರಲ್ಲಿಯೂ ರಾಜಕುಮಾರ್ ನಾಯಕರಾಗಿದ್ದ ಚಿತ್ರಗಳಲ್ಲಿ, ಅವರು ಕಂಠವಾದರು. ಈ ನಟಿಯರಲ್ಲಿ ಹಲವರು ಪರಭಾಷೆಯಿಂದ ಬಂದವರು. ಅವರ ಮುಖಾಭಿನಯ, ನಿಲುವು, ನೋಟಗಳನ್ನು ಮೆಚ್ಚಿದ ಕನ್ನಡಿಗರು ಅವರ ಮಾತನ್ನೂ ಮೆಚ್ಚಿದರು. ಆ ಮಾತು ಯಾರದೆಂದು ಕೇಳುವ ಅಗತ್ಯ ಬಹುಮಂದಿಗೆ ತೋರಲಿಲ್ಲ. 'ಕರಿಮಾಯಿ'ಯನ್ನು ನೋಡಿದವರ ಸಂಖ್ಯೆ ಎಷ್ಟೇ ದೊಡ್ಡದಿರಲಿ, ರಾಜಕುಮಾರ್ ಚಿತ್ರಗಳನ್ನು ನೋಡಿದವರ ಸಂಖ್ಯೆಯ ಮುಂದೆ ಅದು ಅಲ್ಪವೇ. ಜಯಶ್ರೀಯವರ ಕಂಠ ಅತ್ಯಂತ ಹೆಚ್ಚು ಕನ್ನಡಿಗರನ್ನು ತಲುಪಿದ್ದು ಅವರ ಹೆಸರಿಲ್ಲದ ಕಡೆಯಲ್ಲಿಯೇ.

ಆ ಕೆಲಸದ ಸ್ವರೂಪವನ್ನು ಸ್ವಲ್ಪ ವಿವರಿಸುವುದು ಅಗತ್ಯ. ತಿಳಿಯದವರಿಗೆ ಅದು ಬರೆದದ್ದನ್ನು ಓದುವಷ್ಟು ಸುಲಭವೆಂದು ತೋರಬಹುದು. ಗಣಕಯಂತ್ರ ಬರುವ ಮುಂಚೆ ಚಿತ್ರದ ಸುರುಳಿಯನ್ನು ಸಣ್ಣ ತುಂಡುಗಳಾಗಿ ಕತ್ತರಿಸಿ, ಎರಡು ತುದಿಗಳನ್ನು ಜೋಡಿಸಿ, 'ಲೂಪ್' ಮಾಡಿ ಮತ್ತೆ ಮತ್ತೆ ತೆರೆಯ ಮೇಲೆ ಓಡಿಸುತ್ತಿದ್ದರು. ಕಲಾವಿದೆ ಕಿವಿಯಲ್ಲಿ ಮೂಲ ಧ್ವನಿಯ ಸುಳಿವನ್ನೂ ಕಣ್ಣಲ್ಲಿ ನಟಿಯ ತುಟಿಯನ್ನೂ ಇಟ್ಟುಕೊಂಡು ಸರಿಯಾದ ಕ್ಷಣಕ್ಕೆ ಮಾತನ್ನು ಬಿಡಬೇಕು. ಪ, ಬ, ಮ ಮುಂತಾದ ಓಷ್ಠ್ಯಾಕ್ಷರಗಳಲ್ಲಿ ತುಟಿ ಮುಚ್ಚುವುದರಿಂದ ಅಲ್ಲಿ ಕೂದಲೆಳೆಯಷ್ಟು ತಪ್ಪಿದರೂ ಮೋಸ ಬಯಲಾಗುತ್ತದೆ. ಕನ್ನಡದ ಪದಗಳು ಬಹುಮಟ್ಟಿಗೆ ಸ್ವರಾಂತವಾಗಿದ್ದು ಬಾಯಿ ತೆರೆದಿರುವಾಗ ಮುಗಿಯುತ್ತವೆ. ಮಲಯಾಳ ಅಥವಾ ತಮಿಳು ನುಡಿಗೆ ಹೊಂದಿದ ಬಾಯಿ ಹಲವು ಕಡೆ ವ್ಯಂಜನದಲ್ಲಿ ಮುಚ್ಚಿಕೊಳ್ಳುತ್ತದೆ. ಕನ್ನಡವನ್ನು ಬಾಯಿಪಾಠ ಮಾಡಿ ನುಡಿದ ನಟಿ ಅರ್ಥ ತಿಳಿಯದೆ ಎಲ್ಲೋ ನಿಲ್ಲಿಸಿ ಎಲ್ಲೋ ಉಸಿರೆಳೆದಿರುತ್ತಾಳೆ. ಆ ತಪ್ಪು ನಿಲುಗಡೆಗಳನ್ನು ಅರ್ಥಪೂರ್ಣವಾಗಿಸುವ ಹೊಣೆ ಕಂಠ ಕೊಡುವವರ ಮೇಲೆ ಬೀಳುತ್ತದೆ. ಅತ್ತು ನಕ್ಕ ದೇಹ ತನ್ನೆದುರಿಗೆ ತೆರೆಯ ಮೇಲಿದೆ. ಆ ಅಳುವಿಗೂ ನಗುವಿಗೂ ಕಾರಣವನ್ನು ತಾನು ತನ್ನೊಳಗೆ ಹುಡುಕಿಕೊಳ್ಳಬೇಕು. ಇದನ್ನು ಅಭಿನಯವಲ್ಲವೆನ್ನುವುದಾದರೆ ಅಭಿನಯದ ವ್ಯಾಖ್ಯೆಯನ್ನೇ ತಿದ್ದಬೇಕಾದೀತು. ಭಾರತೀಯ ಕಾವ್ಯಮೀಮಾಂಸೆಯಂತೂ ವಾಚಿಕವನ್ನು ಆಂಗಿಕದೊಡನೆ ಸಮಸ್ಥಾನದಲ್ಲಿಯೇ ಎಣಿಸಿದೆ.

ಇಲ್ಲಿ ಗಮನಿಸತಕ್ಕ ಮತ್ತೊಂದು ಅಂಶವಿದೆ. ರಾಜಕುಮಾರ್ ಗುಬ್ಬಿ ಕಂಪನಿಯ ರಂಗದಲ್ಲಿ ಪಳಗಿದವರು; ಅವರು ನಾಯಕರಾದ 'ಬೇಡರ ಕಣ್ಣಪ್ಪ' (1954) ಗುಬ್ಬಿಯ ನಂಟಿನಿಂದಲೇ ಬಂದ ಚಿತ್ರ. ಅವರ ಮಾತಿನ ಏರಿಳಿತ, ಅಕ್ಷರಶುದ್ಧಿ, ವಾಕ್ಯಾಂತ್ಯದ ಗಾಂಭೀರ್ಯಗಳ ಬೇರು ಕಂಪನಿ ರಂಗಭೂಮಿಯಲ್ಲಿದೆ. ಅಂಥ ಮಾತಿಗೆ ಎದುರುಮಾತಾಡುವ ಹೆಣ್ಣುದನಿ ಅಷ್ಟೇ ಪಳಗಿರದಿದ್ದರೆ ಇಡೀ ದೃಶ್ಯ ಒಂದು ಕಡೆಗೆ ವಾಲಿಬಿಡುತ್ತಿತ್ತು. ಅದೇ ಕಂಪನಿಯ ಮನೆಯಲ್ಲಿ ಹುಟ್ಟಿ ಬೆಳೆದ ಕಂಠ ಆ ಸ್ಥಾನಕ್ಕೆ ಬಂದದ್ದರಿಂದ ತೆರೆಯ ಮೇಲಿನ ಸಂವಾದಕ್ಕೆ ಒಂದು ಆಂತರಿಕ ಸಾಮರಸ್ಯ ಒದಗಿತು. ತೆರೆಯ ಮೇಲೆ ಎರಡು ಬೇರೆ ನಾಡುಗಳ ಮುಖಗಳಿದ್ದಾಗಲೂ ಕಿವಿಗೆ ಕೇಳಿಸಿದ್ದು ಒಂದೇ ರಂಗಪರಂಪರೆಯ ಮಾತು. ಎಪ್ಪತ್ತು ಎಂಬತ್ತರ ದಶಕಗಳ ಚಿತ್ರಸಂಭಾಷಣೆಯನ್ನು ಕುರಿತು ಬರೆಯುವವರು ಸಂಭಾಷಣಕಾರರನ್ನೂ ನಾಯಕನಟರನ್ನೂ ಹೊಗಳಿ ನಿಲ್ಲಿಸಿದರೆ ಅರ್ಧ ಸತ್ಯವನ್ನು ಹೇಳಿದಂತಾಗುತ್ತದೆ.

ಜಯಶ್ರೀಯವರ ನಟನೆ, ನಿರ್ದೇಶನ, ಕಂಠದಾನಗಳನ್ನು ಮೂರು ಬೇರೆ ಕಪಾಟುಗಳಲ್ಲಿಡುವ ಪದ್ಧತಿ ಆದ್ದರಿಂದಲೇ ಸರಿಯಲ್ಲ. ಮೂರರ ಮೂಲದಲ್ಲಿಯೂ ಇರುವುದು ಒಂದೇ ಸಾಧನೆ: ಕನ್ನಡ ಮಾತಿಗೆ ದೇಹವನ್ನು ಹುಡುಕಿಕೊಡುವುದು. ನಟಿಯಾಗಿ ಆ ದೇಹ ತನ್ನದೇ. ನಿರ್ದೇಶಕಿಯಾಗಿ ತನ್ನ ತಂಡದ್ದು. ಡಬ್ಬಿಂಗ್ ಕಲಾವಿದೆಯಾಗಿ ತಾನು ಆರಿಸಿಕೊಳ್ಳದ, ಕನ್ನಡವನ್ನೇ ಅರಿಯದ ಪರದೇಹ. ಮೂರರಲ್ಲಿ ಕೊನೆಯದೇ ಹೆಚ್ಚು ಕಠಿನವೆಂದು ವಾದಿಸಲೂ ಅವಕಾಶವಿದೆ. ಜಯಶ್ರೀಯವರ ರಂಗಬದುಕಿನ ನೆನಪುಗಳ ಪುಸ್ತಕಕ್ಕೆ 'ಕಣ್ಣಾಮುಚ್ಚೇ ಕಾಡೇ ಗೂಡೇ' ಎಂಬ ಹೆಸರಿದೆ. ಮಕ್ಕಳ ಅಡಗುವಾಟವನ್ನು ನೆನಪಿಸುವ ಈ ಹೆಸರು ಅವರ ಕಂಠದ ಕಥೆಗೂ ಒಪ್ಪುತ್ತದೆ. ಅಡಗಿಕೊಂಡವರನ್ನು ಹುಡುಕುವ ಸರದಿ ಮಾತ್ರ ಈಗ ವಿಮರ್ಶಕರದು.

ಬೇರೆ ನಾಡುಗಳು ಈ ವಿಷಯದಲ್ಲಿ ಹೇಗೆ ನಡೆದುಕೊಂಡಿವೆ ಎಂಬುದನ್ನು ನೋಡುವುದು ಉಪಯುಕ್ತ. ಇಟಲಿಯಲ್ಲಿ 1930ರ ದಶಕದಿಂದ ಪರದೇಶದ ಚಿತ್ರಗಳನ್ನು ಇಟಾಲಿಯನ್ ಮಾತಿನಲ್ಲಿಯೇ ತೋರಿಸುವ ಕಟ್ಟಳೆ ಬಂದಿತು. ಆ ಕಟ್ಟಳೆಯ ಹಿಂದಿದ್ದ ಫ್ಯಾಸಿಸ್ಟ್ ಸರಕಾರದ ಉದ್ದೇಶ ಒಪ್ಪತಕ್ಕದ್ದಲ್ಲ. ಆದರೆ ಅದರಿಂದ ಅಲ್ಲಿ ಕಂಠಕಲಾವಿದರ ಒಂದು ದೊಡ್ಡ ಪರಂಪರೆಯೇ ಬೆಳೆಯಿತು. ಗ್ರೇಟಾ ಗಾರ್ಬೋಗೆ ಇಟಾಲಿಯನ್ ಮಾತು ಕೊಟ್ಟ ಟೀನಾ ಲತ್ತಾನ್ಸಿ, ಇಂಗ್ರಿಡ್ ಬರ್ಗ್‌ಮನ್‌ಗೆ ಕಂಠವಾದ ಲಿಡಿಯಾ ಸಿಮೊನೆಸ್ಕಿ ಅಲ್ಲಿಯ ಚಿತ್ರೇತಿಹಾಸದಲ್ಲಿ ಹೆಸರುಳ್ಳವರು. ಅಲ್ಲಿಯ ಅನೇಕ ನಟಿಯರು ಅಭಿನಯ, ಡಬ್ಬಿಂಗ್, ನಿರ್ದೇಶನಗಳನ್ನು ಒಂದೇ ವೃತ್ತಿಯ ಕವಲುಗಳೆಂದು ಭಾವಿಸಿ ನಡೆಸಿಕೊಂಡು ಬಂದಿದ್ದಾರೆ. ಟ್ಯುನೀಸಿಯಾದಲ್ಲಿ ಫ್ರೆಂಚ್ ಮಾತಾಡುತ್ತ ಬೆಳೆದ ಕ್ಲಾಡಿಯಾ ಕಾರ್ಡಿನಾಲೆ ತಮ್ಮ ಆರಂಭದ ಇಟಾಲಿಯನ್ ಚಿತ್ರಗಳಲ್ಲಿ ಪರರ ಕಂಠದಿಂದ ಮಾತಾಡಿದರು. ಫೆಲಿನಿಯವರ 'ಎಂಟೂವರೆ' (1963) ಚಿತ್ರದಲ್ಲಿ ಅವರ ಸ್ವಂತ ಧ್ವನಿ ಕೇಳಿಸಿದ್ದು ಒಂದು ವಿಶೇಷ ಘಟನೆಯೆಂದು ಎಣಿಸಲ್ಪಟ್ಟಿತು. ಯಾವ ಮುಖಕ್ಕೆ ಯಾವ ಕಂಠವೆಂಬ ವಿವೇಚನೆ ಇದ್ದ ಕಡೆಯಲ್ಲಿ ಮಾತ್ರ ಇಂಥ ಎಣಿಕೆ ಸಾಧ್ಯ.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನೆರೆಯ ಕೇರಳದಲ್ಲಿ ರಾಜ್ಯ ಚಲನಚಿತ್ರ ಪ್ರಶಸ್ತಿಗಳ ಪಟ್ಟಿಯಲ್ಲಿ ಡಬ್ಬಿಂಗ್ ಕಲಾವಿದರಿಗೆ ಪ್ರತ್ಯೇಕ ಸ್ಥಾನವಿದೆ. ಆದರೂ ಅಲ್ಲಿಯೇ ನಡೆದ ಒಂದು ಪ್ರಸಂಗ ಹೆಸರಿನ ಪ್ರಶ್ನೆ ಎಷ್ಟು ಸೂಕ್ಷ್ಮವೆಂಬುದನ್ನು ತೋರಿಸುತ್ತದೆ. 'ಮಣಿಚಿತ್ರತ್ತಾಳ್' (1993) ಚಿತ್ರದ ಅಭಿನಯಕ್ಕಾಗಿ ಶೋಭನಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂದಿತು, ಅರ್ಹವಾಗಿಯೇ ಬಂದಿತು. ಅದೇ ಪಾತ್ರಕ್ಕೆ ಮಲಯಾಳದಲ್ಲಿ ಮಾತು ಕೊಟ್ಟವರು ಭಾಗ್ಯಲಕ್ಷ್ಮಿ. ನಾಗವಲ್ಲಿಯ ಆವೇಶದ ಭಾಗಕ್ಕೆ ತಮಿಳಿನ ದುರ್ಗಾ ಕಂಠ ಕೊಟ್ಟಿದ್ದರೆಂಬುದನ್ನು ನಿರ್ದೇಶಕ ಫಾಝಿಲ್ ಬಹಿರಂಗವಾಗಿ ಹೇಳಿದ್ದು ಎರಡು ದಶಕಗಳು ಕಳೆದ ಮೇಲೆ. ನೃತ್ಯ, ನೋಟ, ಮಾತುಗಳು ಸೇರಿ ರೂಪಿಸಿದ ಪಾತ್ರವೊಂದಕ್ಕೆ ಮೂವರು ಕಲಾವಿದೆಯರು ದುಡಿದಿದ್ದರು. ರಾಷ್ಟ್ರದ ಮನ್ನಣೆ ಒಬ್ಬರಿಗೆ ದೊರೆಯಿತು. ಇದರಲ್ಲಿ ಯಾರ ದುರುದ್ದೇಶವನ್ನೂ ಹುಡುಕಬೇಕಾಗಿಲ್ಲ. ವ್ಯವಸ್ಥೆಯ ಕಣ್ಣು ಮುಖವನ್ನು ಕಂಡಷ್ಟು ಸ್ಪಷ್ಟವಾಗಿ ಅದರ ಕಿವಿ ಕಂಠವನ್ನು ಕೇಳದು, ಅಷ್ಟೆ.

ಈ ವಾದಕ್ಕೆ ಬರಬಹುದಾದ ಆಕ್ಷೇಪಗಳನ್ನೂ ವಿಚಾರಿಸುವುದು ನ್ಯಾಯ. ಮೊದಲನೆಯದು, ಕಂಠ ಬೇರೆಯವರದೆಂದು ತಿಳಿದರೆ ಪ್ರೇಕ್ಷಕನ ತನ್ಮಯತೆ ಕೆಡುತ್ತದೆಂಬುದು. ಹಾಡಿನ ಉದಾಹರಣೆಯೊಂದೇ ಇದಕ್ಕೆ ಸಾಕಾದ ಉತ್ತರ. ತೆರೆಯ ಮೇಲೆ ತುಟಿಯಾಡಿಸುವ ನಾಯಕಿಗೆ ಹಾಡುವವರು ಪಿ. ಸುಶೀಲಾ, ಎಸ್. ಜಾನಕಿ ಅಥವಾ ವಾಣಿ ಜಯರಾಂ ಎಂದು ಕನ್ನಡ ಪ್ರೇಕ್ಷಕನಿಗೆ ಮೊದಲಿನಿಂದಲೂ ಗೊತ್ತು. ರಾಜಕುಮಾರ್ ಅವರಿಗೆ ವರ್ಷಾನುವರ್ಷ ಹಾಡಿದವರು ಪಿ. ಬಿ. ಶ್ರೀನಿವಾಸ್ ಎಂಬುದೂ, 'ಸಂಪತ್ತಿಗೆ ಸವಾಲ್' (1974) ಚಿತ್ರದಿಂದ ಅವರು ತಾವೇ ಹಾಡತೊಡಗಿದರೆಂಬುದೂ ಜನಜನಿತ. ಆ ತಿಳಿವಳಿಕೆಯಿಂದ ಯಾವ ಹಾಡಿನ ಸೊಗಸೂ ಕಡಮೆಯಾಗಲಿಲ್ಲ. ಹಾಡುವ ಕಂಠಕ್ಕೆ ಸಲ್ಲುವ ಹೆಸರು ಆಡುವ ಕಂಠಕ್ಕೆ ಸಲ್ಲಬಾರದೇಕೆಂಬ ಪ್ರಶ್ನೆಗೆ ಈವರೆಗೆ ಸಮಾಧಾನಕರವಾದ ಉತ್ತರ ಬಂದಿಲ್ಲ. ದೆಹಲಿಯಿಂದ ಬಹುಕಾಲ ಪ್ರಸಾರವಾಗುತ್ತಿದ್ದ ಆಕಾಶವಾಣಿಯ ಕನ್ನಡ ವಾರ್ತೆಯಲ್ಲಿಯೂ ಓದುವವರ ಹೆಸರು ಮೊದಲು, ದೇಶದ ಸುದ್ದಿ ಆನಂತರ. ತಾವೆಂದೂ ಕಾಣದ ಆ ವಾರ್ತಾವಾಚಕರ ಹೆಸರುಗಳನ್ನು ಹಳ್ಳಿಹಳ್ಳಿಯ ಕನ್ನಡಿಗರು ಬಂಧುಗಳ ಹೆಸರಿನಂತೆ ನೆನಪಿಟ್ಟುಕೊಂಡಿದ್ದರು. ಪರರು ಬರೆದ ಸುದ್ದಿಯನ್ನು ಓದಿದ ಕಂಠಕ್ಕೆ ದೊರೆತ ಆ ಗೌರವ, ಪಾತ್ರವೊಂದನ್ನು ಬದುಕಿಸಿದ ಕಂಠಕ್ಕೆ ದೊರೆಯಲಿಲ್ಲ.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದದ್ದು. ಡಬ್ಬಿಂಗ್ ಕಲಾವಿದರನ್ನು ಗೌರವಿಸಿದರೆ ಕನ್ನಡ ಬಾರದ ನಟಿಯರನ್ನು ತರುವ ಪದ್ಧತಿಗೆ ಪುಷ್ಟಿ ಕೊಟ್ಟಂತಾಗುವುದಿಲ್ಲವೇ, ಕನ್ನಡದ ಹೆಣ್ಣುಮಕ್ಕಳ ಅವಕಾಶ ಕಿರಿದಾಗುವುದಿಲ್ಲವೇ ಎಂಬುದು ಅದು. ಕನ್ನಡದಲ್ಲಿ 'ಡಬ್ಬಿಂಗ್' ಎಂಬ ಮಾತು ಬಹುಕಾಲ ವಿವಾದದ ಮಾತೇ ಆಗಿತ್ತೆಂಬುದನ್ನು ಇಲ್ಲಿ ನೆನೆಯಬೇಕು. 1960ರ ದಶಕದಿಂದ ಪರಭಾಷಾ ಚಿತ್ರಗಳನ್ನು ಕನ್ನಡಕ್ಕೆ ಡಬ್ ಮಾಡಿ ತರುವುದಕ್ಕೆ ಕನ್ನಡ ಚಿತ್ರೋದ್ಯಮದಲ್ಲಿ ಅಲಿಖಿತ ನಿಷೇಧವಿತ್ತು. ಕನ್ನಡದ ಕಲಾವಿದರೂ ತಂತ್ರಜ್ಞರೂ ಉಳಿಯಬೇಕೆಂಬ ಕಾಳಜಿ ಅದರ ಹಿಂದಿತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆ ನಿರ್ಬಂಧ ಕಾನೂನಿಗೆ ವಿರುದ್ಧವೆಂದು ತೀರ್ಪಿತ್ತ ಮೇಲೆ ಸ್ಥಿತಿ ಬದಲಾಯಿತು. 2020ರಲ್ಲಿ ಹಿಂದಿಯ 'ಮಹಾಭಾರತ' ಧಾರಾವಾಹಿ ಕನ್ನಡದ ಮಾತಿನಲ್ಲಿ ಮನೆಮನೆಗೆ ಬಂದಿತು. ಅತ್ತ 'ಕೆ.ಜಿ.ಎಫ್.' (2018), 'ಕಾಂತಾರ' (2022) ಮುಂತಾದ ಕನ್ನಡ ಚಿತ್ರಗಳು ಪರಭಾಷೆಗಳ ಕಂಠದಿಂದಲೇ ದೇಶವನ್ನೆಲ್ಲ ಸುತ್ತಿದವು.

ಈ ದೀರ್ಘ ವಿವಾದದಲ್ಲಿ ಒಂದು ವಿಪರ್ಯಾಸವಿದೆ. ಹೊರಗಿನ ಚಿತ್ರ ಕನ್ನಡ ಮಾತಾಡಬಾರದೆಂದು ಹೋರಾಡಿದ ಕಾಲದಲ್ಲಿಯೇ ಹೊರಗಿನ ನಟಿ ಕನ್ನಡತಿಯೊಬ್ಬಳ ಕಂಠದಿಂದ ಕನ್ನಡ ಮಾತಾಡುವುದು ಸಹಜವೆಂದು ನಡೆದುಬಂದಿತು. ಮೊದಲನೆಯದು ಬೀದಿಯ ಚರ್ಚೆಯಾಯಿತು; ಎರಡನೆಯದು ಚರ್ಚೆಗೆ ಬರಲೇ ಇಲ್ಲ. ಕಂಠಕಲಾವಿದೆಯ ಹೆಸರು ಚಿತ್ರದ ಆರಂಭದ ಪಟ್ಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಬಂದಿದ್ದರೆ, ನಾಯಕಿಗೆ ಕನ್ನಡ ಬಾರದೆಂಬ ಸತ್ಯವೂ ಅಷ್ಟೇ ಸ್ಪಷ್ಟವಾಗಿ ಪ್ರಕಟವಾಗುತ್ತಿತ್ತು. ಕನ್ನಡ ಬಲ್ಲ ನಟಿಯನ್ನೇ ಏಕೆ ತರಬಾರದೆಂಬ ಪ್ರಶ್ನೆ ಆಗ ತಾನಾಗಿ ಹುಟ್ಟುತ್ತಿತ್ತು. ಹೆಸರನ್ನು ಮರೆಸಿದ್ದರಿಂದ ಕಂಠಕಲಾವಿದೆಗೂ ಅನ್ಯಾಯವಾಯಿತು, ಅವಕಾಶ ತಪ್ಪಿದ ಕನ್ನಡ ನಟಿಗೂ ಅನ್ಯಾಯವಾಯಿತು. ಆದ್ದರಿಂದ ಕನ್ನಡದ ಹೆಣ್ಣುಮಕ್ಕಳ ಹಿತವನ್ನು ಬಯಸುವವರು ಕಂಠಕ್ಕೆ ಹೆಸರು ಕೊಡುವುದನ್ನು ವಿರೋಧಿಸಲು ಕಾರಣವಿಲ್ಲ.

ಮೂರನೆಯ ಆಕ್ಷೇಪವನ್ನು ಜಯಶ್ರೀಯವರ ಬದುಕೇ ಮುಂದಿಡುತ್ತದೆ. 1996ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 2010ರಲ್ಲಿ ರಾಜ್ಯಸಭೆಗೆ ನಾಮಕರಣ, 2013ರಲ್ಲಿ ಪದ್ಮಶ್ರೀ ಇವೆಲ್ಲವೂ ಬಂದ ಕಲಾವಿದೆಯನ್ನು ಕುರಿತು ಮನ್ನಣೆ ಸಾಲದೆನ್ನುವುದು ಹೇಗೆ? ವಿದ್ಯಾರ್ಥಿನಿಯಾಗಿ ಬಂದಿದ್ದ ದೆಹಲಿಗೆ ಅವರು ಸುಮಾರು ನಾಲ್ಕು ದಶಕಗಳ ಅನಂತರ ಸಂಸತ್ತಿನ ಸದಸ್ಯೆಯಾಗಿ ಮರಳಿದರು. 2016ರವರೆಗೆ ಆ ಸ್ಥಾನದಲ್ಲಿದ್ದರು. ಸಾಹಿತ್ಯ, ವಿಜ್ಞಾನ, ಕಲೆ, ಸಮಾಜಸೇವೆಗಳಲ್ಲಿ ವಿಶೇಷ ಪರಿಣತಿಯುಳ್ಳ 12 ಮಂದಿಯನ್ನು ರಾಷ್ಟ್ರಪತಿಗಳು ನಾಮಕರಣ ಮಾಡಬಹುದೆಂಬ ಸಂವಿಧಾನದ ಏರ್ಪಾಡಿನಲ್ಲಿ, ಹಿಂದೆ ಪೃಥ್ವಿರಾಜ್ ಕಪೂರ್ ಕುಳಿತಿದ್ದ ಸಭೆಯಲ್ಲಿ, ಗುಬ್ಬಿ ವೀರಣ್ಣನವರ ಮೊಮ್ಮಗಳು ಕುಳಿತದ್ದು ಕನ್ನಡ ರಂಗಭೂಮಿಗೆ ಸಂದ ಗೌರವವೇ ಸರಿ.

ಆದರೆ ಆ ಮನ್ನಣೆಗಳು ಬಂದದ್ದು ಜಯಶ್ರೀಯವರಿಗೆ ಬೇರೆ ಬಾಗಿಲುಗಳಿದ್ದುದರಿಂದ. ರಂಗವಿತ್ತು, ತಂಡವಿತ್ತು, ಮನೆತನದ ಕೀರ್ತಿಯಿತ್ತು, ದೆಹಲಿಯ ಶಿಕ್ಷಣವಿತ್ತು. ಇವಾವುವೂ ಇಲ್ಲದೆ ಕೇವಲ ಕಂಠವನ್ನೇ ನೆಚ್ಚಿ, ಮದರಾಸಿನ ಮತ್ತು ಬೆಂಗಳೂರಿನ ಸ್ಟುಡಿಯೋಗಳಲ್ಲಿ ನಾಯಕಿಗೆ, ನಾಯಕಿಯ ಗೆಳತಿಗೆ, ತಾಯಿಗೆ, ಮಗುವಿಗೆ ಮಾತು ಕೊಡುತ್ತ ವಯಸ್ಸು ಕಳೆದ ಹೆಂಗಸರನ್ನು ಯಾವ ಪಟ್ಟಿಯಲ್ಲಿ ಹುಡುಕಬೇಕು? ಜಯಶ್ರೀಯವರ ಡಬ್ಬಿಂಗ್ ಕೆಲಸವೇ ಒಂದು ವಾಕ್ಯಕ್ಕೆ ಇಳಿದಿರುವಾಗ ಅವರ ಪಾಲಿಗೆ ಒಂದು ಅಕ್ಷರವೂ ಉಳಿಯಲಿಲ್ಲ. ಹೆಸರಾಂತ ಕಲಾವಿದೆಯ ಉದಾಹರಣೆಯಿಂದ ಸಮಸ್ಯೆ ಇಲ್ಲವೆಂದು ತೀರ್ಮಾನಿಸುವುದು, ದೊಡ್ಡ ಮರ ಕಂಡಿತೆಂದು ಕಾಡನ್ನು ನೋಡದೆ ಮರಳಿದಂತೆ.

ಸಂಸತ್ತಿನ ನೆನಪು ಬಂದಾಗ ಅಲ್ಲಿಯ ಮತ್ತೊಂದು ಧ್ವನಿಯನ್ನೂ ಹೇಳಬೇಕು. ಸದಸ್ಯರೊಬ್ಬರು ತಮ್ಮ ಭಾಷೆಯಲ್ಲಿ ಮಾತಾಡಿದಾಗ ಗಾಜಿನ ಕೋಣೆಯಲ್ಲಿ ಕುಳಿತ ಭಾಷಾಂತರಕಾರರು ಅದನ್ನು ಅದೇ ಕ್ಷಣದಲ್ಲಿ ಇತರರ ಕಿವಿಗೆ ಮುಟ್ಟಿಸುತ್ತಾರೆ. 2018ರಲ್ಲಿ ರಾಜ್ಯಸಭೆ ಈ ಸೌಲಭ್ಯವನ್ನು ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಿಗೂ ವಿಸ್ತರಿಸಿತು. ದೆಹಲಿಯಂಥ ಬಹುಭಾಷಾ ರಾಜಧಾನಿ ನಡೆಯುವುದೇ ಇಂಥ ಎರವಲು ಕಂಠಗಳ ಮೇಲೆ. ಉಪನಗರ ನೋಯಿಡಾದ ಫಿಲ್ಮ್ ಸಿಟಿಯನ್ನೂ ಸೇರಿಸಿಕೊಂಡು ಈ ಪ್ರದೇಶದ ಸ್ಟುಡಿಯೋಗಳಲ್ಲಿ ಜಾಹೀರಾತು, ಸಾಕ್ಷ್ಯಚಿತ್ರ, ಸರಕಾರದ ಪ್ರಚಾರಚಿತ್ರಗಳಿಗೆ ನಾಡಿನ ಹಲವು ಭಾಷೆಗಳಲ್ಲಿ ಮಾತು ಕೊಡುವ ಕೆಲಸ ನಡೆಯುತ್ತದೆ. ಇಲ್ಲಿ ನೆಲಸಿದ ಕನ್ನಡಿಗರಿಗೆ ಈ ಪ್ರಶ್ನೆ ದೂರದ ಬೆಂಗಳೂರಿನದಷ್ಟೇ ಅಲ್ಲ.

ಈಚಿನ ವರ್ಷಗಳಲ್ಲಿ ಪ್ರಶ್ನೆಗೆ ಹೊಸ ತುರ್ತು ಬಂದಿದೆ. ಮನುಷ್ಯನ ಧ್ವನಿಯ ಕೆಲವು ಮಾದರಿಗಳನ್ನು ಕೇಳಿಸಿಕೊಂಡು ಯಂತ್ರವೇ ಅದೇ ಧ್ವನಿಯಲ್ಲಿ, ಬೇಕಾದ ಭಾಷೆಯಲ್ಲಿ ಮಾತಾಡುವ ತಂತ್ರ ಈಗ ಬಳಕೆಗೆ ಬಂದಿದೆ. ಹೆಸರಿಲ್ಲದ ಕಂಠಕ್ಕೆ ಒಡೆತನವೂ ಇರುವುದಿಲ್ಲ. ಇದು ಯಾರ ಧ್ವನಿಯೆಂದು ಎಲ್ಲಿಯೂ ಬರೆದಿಡದಿದ್ದರೆ, ಅದನ್ನು ಅನುಕರಿಸಿದ ಯಂತ್ರದಿಂದ ಅನುಮತಿಯನ್ನಾಗಲಿ ಸಂಭಾವನೆಯನ್ನಾಗಲಿ ಕೇಳುವವರು ಯಾರು? ಹಿಂದೆ ಹೆಸರನ್ನು ಬಿಟ್ಟದ್ದು ಅಗೌರವವಾಗಿತ್ತು; ಮುಂದೆ ಹೆಸರನ್ನು ಬಿಟ್ಟರೆ ಅದು ಜೀವನೋಪಾಯದ ನಷ್ಟವೇ ಆದೀತು.

ಇಂಥ ಸಂದರ್ಭದಲ್ಲಿ ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳು ಮಾಡಬಹುದಾದ ಕೆಲಸ ಸ್ಪಷ್ಟವಾಗಿದೆ. ಶಾಸನಗಳಲ್ಲಿ ಕಂಡರಣೆ ಮಾಡಿದ ಶಿಲ್ಪಿಯ ಹೆಸರನ್ನೂ, ಹಸ್ತಪ್ರತಿಗಳಲ್ಲಿ ಲಿಪಿಕಾರನ ಹೆಸರನ್ನೂ ಶ್ರದ್ಧೆಯಿಂದ ಹುಡುಕಿ ಪ್ರಕಟಿಸಿದ ಪರಂಪರೆ ಕನ್ನಡ ಸಂಶೋಧನೆಯದು. ಕವಿಯದಷ್ಟೇ ಅಲ್ಲ, ಕವಿಯ ಮಾತನ್ನು ಉಳಿಸಿದ ಕೈಯ ಹೆಸರೂ ಮುಖ್ಯವೆಂದು ಆ ಪರಂಪರೆ ಬಲ್ಲದು. ಅದೇ ಶ್ರದ್ಧೆಯಿಂದ ಕನ್ನಡ ಚಿತ್ರಗಳ ಕಂಠಕಲಾವಿದರ ಸೂಚಿಯೊಂದನ್ನು ಸಿದ್ಧಪಡಿಸಬೇಕು. ಯಾವ ಚಿತ್ರದಲ್ಲಿ ಯಾವ ಪಾತ್ರಕ್ಕೆ ಯಾರ ಕಂಠವೆಂಬುದನ್ನು ಬದುಕಿರುವ ಕಲಾವಿದರಿಂದಲೂ ಧ್ವನಿಗ್ರಾಹಕ ತಂತ್ರಜ್ಞರಿಂದಲೂ ಕೇಳಿ ದಾಖಲಿಸಬೇಕು. ಬಲ್ಲವರು ಒಬ್ಬೊಬ್ಬರಾಗಿ ಕಣ್ಮರೆಯಾಗುತ್ತಿರುವುದರಿಂದ ಈ ಕೆಲಸವನ್ನು ಮುಂದೂಡುವಂತಿಲ್ಲ. ಚಿತ್ರೋದ್ಯಮ ತನ್ನ ಪಾಲಿಗೆ ಪ್ರತಿ ಚಿತ್ರದ ನಾಮಾವಳಿಯಲ್ಲಿ ಪಾತ್ರದ ಎದುರಿಗೆ ನಟರ ಹೆಸರಿನ ಜೊತೆಗೆ ಕಂಠ ಕೊಟ್ಟವರ ಹೆಸರನ್ನೂ ಮುದ್ರಿಸುವುದನ್ನು ಕಡ್ಡಾಯ ಮಾಡಿಕೊಳ್ಳಬೇಕು. ಇದಕ್ಕೆ ಹೆಚ್ಚಿನ ಖರ್ಚೇನೂ ತಗಲದು.

ಜಯಶ್ರೀಯವರ ಸಾಧನೆಯನ್ನು ಮುಂದೆ ಬರೆಯುವವರು 'ಅಲ್ಲದೆ ಕೆಲವು ಚಿತ್ರಗಳಿಗೆ ಕಂಠದಾನವನ್ನೂ ಮಾಡಿದ್ದಾರೆ' ಎಂಬ ವಾಕ್ಯವನ್ನು ಲೇಖನದ ಕೊನೆಯಿಂದ ಎತ್ತಿ ನಡುವೆ ತರಬೇಕು. ಗುಬ್ಬಿಯ ರಂಗದಲ್ಲಿ ಹುಟ್ಟಿ, ದೆಹಲಿಯಲ್ಲಿ ಹದಗೊಂಡು, ಬೆಂಗಳೂರಿನ ರಂಗಮಂದಿರಗಳಲ್ಲಿ ತನ್ನ ಹೆಸರಿನಿಂದಲೂ ನಾಡಿನ ಚಿತ್ರಮಂದಿರಗಳಲ್ಲಿ ಪರರ ಹೆಸರಿನಿಂದಲೂ ಕೇಳಿಸಿದ ಕಂಠ ಅದು. ಅದನ್ನು ಇನ್ನು ಮುಂದೆ ದಾನವೆಂದು ಹೊಗಳುವುದಕ್ಕಿಂತ ದುಡಿಮೆಯೆಂದು ಗುರುತಿಸುವುದು ಹೆಚ್ಚು ಉಚಿತ. ದಾನಕ್ಕೆ ಕೃತಜ್ಞತೆ ಸಾಕು; ದುಡಿಮೆಗೆ ಹೆಸರೂ ಸಲ್ಲಬೇಕು, ಲೆಕ್ಕವೂ ಸಲ್ಲಬೇಕು.